ಗಾಡಿಯ ಸಪ್ಪಳ ಕೇಳುತ್ತಿದ್ದ ಖಾಲಾ

ಖಾಲಾ ಅವರ ಬಲಗಿವಿಯ ಮೇಲಂಚು ಒಣಗಿದ ಎಲೆಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ದಿನವಿಡೀ ತಲೆಗೆ ಸಿಕ್ಕಿಸಿಕೊಂಡಿರುತ್ತಿದ್ದ ಹೆಡ್‌ಫೋನು ಒತ್ತಿ ಒತ್ತಿ ಆದ ಗುರುತು ಅದು. ನಿವೃತ್ತಿಯಾದ ಮೇಲೂ ಆ ಕಿವಿಗೆ ಓಲೆ ಹಾಕುತ್ತಿರಲಿಲ್ಲ. "ಓಲಿ ಹಾಕಿದ್ರ ಅದರದೇ ಸಪ್ಪಳ ಕೇಳಸ್ತದ, ಬೇಟಾ" ಎನ್ನುತ್ತಿದ್ದರು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಓಣಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ತಮ್ಮವರೊಂದಿಗೆ ದಖನಿ ಉರ್ದು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮ ಮಿಕ್ಸಿ ಇನ್ನೆಷ್ಟು ದಿನ ಬಾಳುತ್ತದೆ, ಮೇಲಿನ ಟ್ಯಾಂಕಿಗೆ ನೀರು ಏರುವುದು ಯಾವಾಗ ನಿಂತಿತು ಎಂಬುದನ್ನೆಲ್ಲ ಗೋಡೆಯಾಚೆಯಿಂದಲೇ ಕೂಗಿ ಹೇಳುವರು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅತ್ತದ್ದೂ ಅವರಿಗೆ ಕೇಳಿಸಿರಬೇಕು. ಅದನ್ನು ಮಾತ್ರ ಎಂದೂ ಬಾಯಿಬಿಡಲಿಲ್ಲ. ಒಂದು ಬಟ್ಟಲು ಖೀರು ತಂದಿಟ್ಟು, ಸುಮ್ಮನೆ ಪಕ್ಕದಲ್ಲಿ ಕುಳಿತು, ಎದ್ದು ಹೋಗುತ್ತಿದ್ದರು.

ಅವರಿಗೆ ದೇವದುರ್ಗದಲ್ಲಿ ಒಬ್ಬ ಅಕ್ಕ ಇದ್ದರು. ನಾವೆಲ್ಲ ಆಪಾ ಎನ್ನುತ್ತಿದ್ದೆವು. ಮಹಡಿ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಆಪಾ ಮಂಚ ಬಿಟ್ಟು ಎದ್ದಿರಲಿಲ್ಲ. ಕೂತು ಪ್ರಯಾಣ ಮಾಡುವ ಮಾತೇ ಇಲ್ಲ. ಖಾಲಾ ಪ್ರತಿ ಭಾನುವಾರ ಬಸ್ಸು ಹತ್ತಿ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗಿ, ಅಕ್ಕನ ತಲೆ ಬಾಚಿ, ಊಟ ಮಾಡಿಸಿ ಬರುತ್ತಿದ್ದರು. ಹೀಗೇ ವರ್ಷಗಳು ಕಳೆದವು. ಒಂದು ದಿನ ಓಣಿಯ ಬಾಯಿಗೆ ಹಳೆಯ ಮಿನಿ ಬಸ್ಸೊಂದು ಬಂದು ನಿಂತಿತು. ಯಾರೋ ಊರೂರು ಸುತ್ತಲೆಂದು ಅದರೊಳಗೆ ಮಂಚ, ಗ್ಯಾಸ್ ಒಲೆ, ಪಾತ್ರೆ ಕಪಾಟು, ನೀರಿನ ನಲ್ಲಿ ಎಲ್ಲ ಮಾಡಿಸಿ, ಸಾಕಾಗಿ ಮಾರಿದ್ದರು. ಅಕ್ಕನನ್ನು ಮಲಗಿಸಿಕೊಂಡೇ ಹೊರಗೆ ಕರೆದೊಯ್ಯಲೆಂದು ಖಾಲಾ ಅದನ್ನು ಕೊಂಡಿದ್ದರು. ಆದರೆ ಓಡಿಸಲು ಬರುತ್ತಿರಲಿಲ್ಲ.

ನನಗೆ ಬರುತ್ತಿತ್ತು. ನನ್ನಪ್ಪ ಮಾನ್ವಿಯಲ್ಲಿ ರೈಸ್ ಮಿಲ್ಲಿನ ಟೆಂಪೊ ಓಡಿಸುತ್ತಿದ್ದವನು, ನನಗೂ ಕಲಿಸಿ ಲೈಸೆನ್ಸ್ ಮಾಡಿಸಿದ್ದ. ಮದುವೆಯಾದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಖಾಲಾ ನೇರವಾಗಿ ನಮ್ಮತ್ತೆಯ ಎದುರು ಬಂದು ಕುಳಿತರು.

"ನಿಮ್ಮ ಸೊಸಿ ಕೈಯಾಗ ನನ್ನ ಗಾಡಿ ಕೊಡಬೇಕಂತ ಮಾಡೀನ್ರಿ."

"ಹೆಣ್ಮಗಳು ಅಷ್ಟು ದೊಡ್ಡ ಗಾಡಿ ಹೊಡೆಯೋದಂದ್ರ ಏನ್ರಿ? ಮಂದಿ ಏನಂತಾರ?" ಎಂದರು ಅತ್ತೆ.

"ಮಂದಿ ಮಾತು ಜೀವಮಾನೆಲ್ಲಾ ಪಗಾರ ತಗೊಂಡು ಕೇಳೀನ್ರಿ ಯವ್ವಾ. ಅದರಾಗ ಏನೂ ಇರಂಗಿಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಹಾಗೆ ನಾನು ಮತ್ತೆ ಸ್ಟೇರಿಂಗ್ ಹಿಡಿದೆ.

ಹಳೆಯ ಗಾಡಿ, ಸಪ್ಪಳ ಒಂದೆರಡಲ್ಲ. ಅದರ ಇಂಜಿನ್ನು ಡ್ರೈವರ್ ಸೀಟಿನ ಪಕ್ಕದಲ್ಲೇ, ಒಳಗಡೆ ಇತ್ತು. ಖಾಲಾ ಅದರ ಮುಚ್ಚಳದ ಪಕ್ಕ ಬೆತ್ತದ ಸ್ಟೂಲು ಹಾಕಿಕೊಂಡು, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೂರುವರು. ಹೊಸ ಸಪ್ಪಳ ಬಂದರೆ ವಿಚಾರಣೆ ಶುರು. "ಕ್ಲಚ್ ಒತ್ತು. ಸಪ್ಪಳ ನಿಂತಿತೇನು? ಇಲ್ಲ? ಈಗ ಗೇರ್ ತಗದು ಹಂಗೇ ಉರುಳಲಿಕ್ಕೆ ಬಿಡು. ಸಪ್ಪಳ ಇಂಜಿನ್ ಜೋಡಿ ಓಡ್ತದೋ, ಗಾಲಿ ಜೋಡಿ ಓಡ್ತದೋ, ಅದನ್ನ ಮೊದಲ ತಿಳ್ಕೋಬೇಕು." ಇದನ್ನೆಲ್ಲ ಅವರು ಕಲಿತದ್ದು ಸ್ಟೇಶನ್ ರಸ್ತೆಯ ಒಬ್ಬ ಮೆಕ್ಯಾನಿಕ್ ಹತ್ತಿರ. ಮಧ್ಯಾಹ್ನ ಅವನ ಶೆಡ್ಡಿನಲ್ಲಿ ಕುಳಿತು, ರಿಪೇರಿಗೆ ಬಂದ ಒಂದೊಂದು ಗಾಡಿಯ ಸಪ್ಪಳವನ್ನೂ ಇದೇನು, ಅದೇನು ಎಂದು ಕೇಳಿ ಅವನ ತಲೆ ತಿನ್ನುತ್ತಿದ್ದರು. ಅವನೂ ಚಹಾ ತರಿಸಿ ಹೇಳಿಕೊಡುತ್ತಿದ್ದ.

ತಪ್ಪಿದ್ದೂ ಉಂಟು. ಒಮ್ಮೆ ಗಬ್ಬೂರಿನ ದಾರಿಯಲ್ಲಿ ಟಣ್ ಟಣ್ ಎಂದು ಬಡಿತ ಶುರುವಾಯಿತು. ಇಂಜಿನ್ನಿನದೇ ಎಂದು ಖಾಲಾ ಹಟ ಹಿಡಿದರು. ಮೆಕ್ಯಾನಿಕ್ ಅರ್ಧ ದಿನ ಬಿಚ್ಚಿ ನೋಡಿದರೂ ಏನೂ ಸಿಗಲಿಲ್ಲ. ಕೊನೆಗೆ ಚಹಾಕ್ಕೆ ಸಕ್ಕರೆ ತೆಗೆಯಲು ನಾನು ಕಪಾಟು ತೆರೆದರೆ, ಒಂದು ಹಿತ್ತಾಳೆ ತಂಬಿಗೆ ಉರುಳಿ ಬಿದ್ದಿತ್ತು; ಗಾಡಿ ಕುಲುಕಿದಾಗಲೆಲ್ಲ ಕಪಾಟಿನ ತಗಡಿಗೆ ಬಡಿಯುತ್ತಿದ್ದುದು ಅದೇ. ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವದುರ್ಗಕ್ಕೆ ಹೋದವರೇ ಆಪಾಗೂ ಹೇಳಿದರು. ಅವರು ಮಲಗಿದಲ್ಲೇ ಕಣ್ಣೀರು ಬರುವಷ್ಟು ನಕ್ಕರು.

ಆಪಾ ಅವರನ್ನು ಮೊದಲ ಸಲ ಹೊರಗೆ ಕರೆದೊಯ್ದದ್ದು ಮಾನ್ವಿಗೆ. ಅಲ್ಲಿದ್ದ ಅವರ ಮಗಳು ಹೆತ್ತಿದ್ದಳು. ಮೊಮ್ಮಗಳನ್ನು ಅಜ್ಜಿ ಫೋಟೋದಲ್ಲಷ್ಟೇ ನೋಡಿದ್ದರು. ನಾಲ್ಕು ಜನ ಹಾಸಿಗೆ ಸಮೇತ ಎತ್ತಿ ಗಾಡಿಯೊಳಗೆ ಮಲಗಿಸಿದಾಗ ಆಪಾ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು.

ಸಿರವಾರ ದಾಟಿದ ಮೇಲೆ ಗುಬ್ಬಿಯಂತೆ ಒಂದು ಚೀಂವ್ ಚೀಂವ್ ಶುರುವಾಯಿತು. ನಾನು ಲಕ್ಷ್ಯ ಕೊಡಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದು ಒಣ ಗರಗರವಾಯಿತು. ಖಾಲಾ ಕಣ್ಣು ಮುಚ್ಚಿದರು. ಕ್ಲಚ್ ಒತ್ತಿಸಿದರು, ಗೇರ್ ತೆಗೆಸಿದರು.

"ಗಾಡಿ ನಿಂದ್ರಸು."

"ಖಾಲಾ, ಮೀಟರಿನಾಗ ಕಾವಿನ ಮುಳ್ಳು ಸರಿ ಅದ. ಮಾನ್ವಿ ಇನ್ನ ಎಷ್ಟು ದೂರ ಅದರೀ? ನಿಧಾನಕ್ಕ ಹೋಗೂಣು."

"ಮುಂದಗಡೆ ನೀರಿನ ಪಂಪಿಂದೇ ಅದು. ನಿಂದ್ರಸು ಅಂದೆ."

ಹಿಂದಿನಿಂದ ಆಪಾ ದನಿ ಬಂತು. ಅಷ್ಟು ಸಿಟ್ಟಿನ ದನಿ ನಾನು ಅವರಿಂದ ಕೇಳಿರಲಿಲ್ಲ. "ಮತ್ತ ತಂಬಿಗಿ ಇರಬೇಕು! ಇಷ್ಟು ವರ್ಷಕ್ಕ ಹೊರಗ ಬಂದೀನಿ. ನಿನ್ನ ಕಿವಿ ಸಲುವಾಗಿ ನಾ ಇಲ್ಲೇ ಬಿದ್ದಿರಬೇಕೇನು?"

ಖಾಲಾ ಮುಖ ಬಿಳಿಚಿಕೊಂಡಿತು. ತಂಬಿಗೆಯ ನೆನಪು ನನಗೂ ಬಂದಿತ್ತು. ಆದರೂ ಅವರು ಮಾತು ಬದಲಿಸಲಿಲ್ಲ. "ಬಿಸಲಾಗ ಇಂಜಿನ್ ಹೋಯ್ತಂದ್ರ ನಿನ್ನ ಎತ್ತಿಕೊಂಡು ಎಲ್ಲಿಗೆ ಹೋಗಲಿ ಆಪಾ? ಬೈಯಿ, ಎಷ್ಟು ಬೇಕಾದ್ರೂ ಬೈಯಿ" ಎಂದರು.

ಕಾಲುವೆ ಪಕ್ಕದ ಒಂದು ಬೇವಿನ ನೆರಳಿಗೆ ಗಾಡಿ ತಂದು ನಿಲ್ಲಿಸಿದೆ. ಮಾನ್ವಿಯ ಮಗಳಿಗೆ ಫೋನ್ ಮಾಡಿ, ಅಲ್ಲಿಂದ ಒಬ್ಬ ಮೆಕ್ಯಾನಿಕ್‌ನನ್ನು ಕಳಿಸಲು ಹೇಳಿದೆವು. ಗಾಳಿ ಬರಲೆಂದು ನಾನು ಹಿಂದಿನ ಬಾಗಿಲು ಪೂರ್ತಿ ತೆರೆದೆ. ಎದುರಿಗೆ ನಾಟಿ ಮಾಡಿದ ಗದ್ದೆ, ನೀರು, ಬೆಳ್ಳಕ್ಕಿಗಳು. ಆಪಾ ಸೊಂಟದಿಂದ ಕೆಳಗೆ ಅಲುಗಾಡದೆ, ಕತ್ತು ಮಾತ್ರ ಹೊರಳಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಇಷ್ಟು ಹಸರು ಇರ್ತದ ಅಂಬೋದೇ ಮರ್ತಿದ್ದೆ" ಎಂದರು. ಖಾಲಾ ಅಕ್ಕನ ಪಾದದ ಬಳಿ ಕುಳಿತು ಕಣ್ಣೊರೆಸಿಕೊಂಡರು.

ಮೆಕ್ಯಾನಿಕ್ ಬೈಕಿನಲ್ಲಿ ಬಂದು ಫ್ಯಾನು ಹಿಡಿದು ಅಲುಗಿಸಿದ. ಅದು ಸಡಿಲ ಹಲ್ಲಿನಂತೆ ಆಡಿತು. ಪಂಪಿನ ಬೇರಿಂಗ್ ಹೋಗಿತ್ತು. "ಇನ್ನ ಸ್ವಲ್ಪ ಓಡಿಸಿದ್ರ ಫ್ಯಾನು ಕಿತ್ತು ರೇಡಿಯೇಟರ್ ಹರೀತಿತ್ತು, ಛಲೋ ನಿಂದ್ರಸೀರಿ" ಎಂದು ಬೇರೆ ಪಂಪು ತರಲು ಹೋದ. ಅವನು ಬರುವ ಮೊದಲೇ ಆಟೋ ಒಂದು ಬಂತು. ಮಗಳಿಗೆ ಕಾಯುವ ತಾಳ್ಮೆ ಇರಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಲುವೆಯ ದಾರಿಗೇ ಬಂದಿದ್ದಳು. ಕೂಸನ್ನು ಅಜ್ಜಿಯ ಎದೆಯ ಮೇಲೆ ಮಲಗಿಸಿದಳು. ಆಪಾ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ತಂಗಿಯ ಮಣಿಕಟ್ಟು ಹಿಡಿದವರು, ಗಾಡಿ ರಿಪೇರಿಯಾಗುವವರೆಗೂ ಎರಡನ್ನೂ ಬಿಡಲಿಲ್ಲ.

ಆಮೇಲೆ ನಾವು ಬಹಳ ಕಡೆ ಹೋದೆವು. ಕೃಷ್ಣೆಯ ದಂಡೆ, ಗಿಲ್ಲೆಸುಗೂರಿನ ಮದುವೆ, ಬರೀ ಊರ ಹೊರಗಿನ ರಸ್ತೆ. ನನ್ನ ಕೈ ಪಳಗಿತು. ಈಗ ನಾನು ಶಾಲೆಯ ವ್ಯಾನು ಓಡಿಸಿ ನನ್ನ ದುಡಿಮೆ ನಾನು ದುಡಿಯುತ್ತೇನೆ. ಅಪ್ಪ ಕಲಿಸಿದ್ದನ್ನು ನಾನು ಅಟ್ಟಕ್ಕೆ ಹಾಕಿಬಿಟ್ಟಿದ್ದೆ. ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟವರು ಖಾಲಾ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವರು ಚಹಾ ಕುಡಿಯುತ್ತ ಕುಳಿತಲ್ಲೇ ಹೋಗಿಬಿಟ್ಟರು. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು ಮಾಡುವುದು ಎಂದರು. ಯಾರನ್ನೂ ಕೇಳದೆ ನಾನು ಗಾಡಿ ತೆಗೆದುಕೊಂಡು ದೇವದುರ್ಗಕ್ಕೆ ಓಡಿದೆ. ಆಪಾರನ್ನು ಮಲಗಿಸಿಕೊಂಡು ಮಧ್ಯಾಹ್ನದೊಳಗೆ ತಿರುಗಿ ಬಂದೆ.

ನಮ್ಮ ಓಣಿ ಇಕ್ಕಟ್ಟು, ಅಷ್ಟು ಜನದ ನಡುವೆ ಆಪಾರನ್ನು ಎತ್ತಿ ಒಯ್ಯುವುದು ಆಗಲಿಲ್ಲ. ಓಣಿಯ ಬಾಯಲ್ಲೇ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದಿಟ್ಟೆ. ಖಾಲಾ ಅವರನ್ನು ಮಲಗಿಸಿದ ಜನಾಜಾ ಹೊತ್ತು ಬಂದವರು ನಮ್ಮನ್ನು ನೋಡಿ ನಿಂತರು. ಯಾರೂ ಹೇಳದೆಯೇ ಅದನ್ನು ಹೆಗಲಿನಿಂದ ಇಳಿಸಿ, ಹಾಸಿಗೆಯ ಸಮಕ್ಕೆ ಹಿಡಿದರು. ಆಪಾ ಕೈ ಚಾಚಿ ಬಿಳಿ ಬಟ್ಟೆಯ ಮೇಲೆ ಇಟ್ಟರು.

"ಯಾವಾಗಲೂ ನೀನೇ ಬರ್ತಿದ್ದಿ" ಎಂದರು. "ಇವತ್ತ ನಾ ಬಂದೀನಿ ನೋಡು."