ಉಪ್ಪಿನ ಮೂಟೆ ಇಳಿಯುವವರೆಗೆ

ಹೋದ ಮಂಗಳವಾರ ಮಧ್ಯಾಹ್ನ, ಒಬ್ಬ ಗಂಡಸು ನಿದ್ದೆ ಮಾಡುವುದನ್ನು ನಾನು ಮುಕ್ಕಾಲು ಗಂಟೆ ನೋಡುತ್ತ ಕೂತಿದ್ದೆ.

ಅವನು ನನಗೆ ನೆಂಟನಲ್ಲ, ಸ್ನೇಹಿತನಲ್ಲ. ಅವನ ಹೆಸರು ಗೊತ್ತಾದದ್ದೇ ಗೊರಕೆ ಶುರುವಾದ ಮೇಲೆ. ನನಗೆ ಬೇರೆ ಕೆಲಸವಿರಲಿಲ್ಲವೇ? ಇರಲಿಲ್ಲ. ಬೆಂಗಳೂರಿನ ಗಾಡಿ ತಪ್ಪಿಹೋಗಿತ್ತು.

ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ ನನ್ನ ಅಕ್ಕನ ಮನೆ. ಭಾವನಿಗೆ ಗಣಿಯಲ್ಲಿ ಗುಮಾಸ್ತೆಯ ಕೆಲಸ. ಎರಡು ದಿನ ಅಲ್ಲಿದ್ದು ಮಂಗಳವಾರ ಬೆಳಿಗ್ಗೆ ಹೊರಟೆ. ಹೊರಡುವ ಹೊತ್ತಿಗೆ ಅಕ್ಕ ಇನ್ನೊಂದೇ ದೋಸೆ ಅಂದಳು. ಆ ಒಂದು ಮೂರಾಯಿತು. ಬೆಳಗಿನ ಗಾಡಿ ಹೋಯಿತು, ಮುಂದಿನದನ್ನು ಹಿಡಿದೆ. (ತಪ್ಪು ಅಕ್ಕನದಲ್ಲ, ಚಟ್ನಿಯದು.)

ಗಾಡಿಯಲ್ಲಿ ನನ್ನ ಎದುರಿಗೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ತಲೆಯಲ್ಲಿ ಕನಕಾಂಬರ, ತೊಡೆಯ ಮೇಲೆ ಊಟದ ಕ್ಯಾರಿಯರ್. ಅದನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದಳು.

"ಒಂದು ಗಂಟೆಗೆ ಮುಂಚೆ ಬಂಗಾರಪೇಟೆ ಸೇರ್ತೀವಾ ಸಾ?"

"ಸೇರ್ತೀವಮ್ಮ. ಯಾಕೆ?"

"ನಮ್ಮೋರು ಬತ್ತಾರೆ. ಲಾರಿ ಡ್ರೈವರು. ಮದರಾಸಿಂದ ಉಪ್ಪು ತತ್ತಾರೆ. ಮಂಡೀಲಿ ಮೂಟೆ ಇಳಿಯೋಗಂಟ ಇರ್ತಾರೆ."

"ಆಮೇಲೆ ಮನೆಗೆ ಬರ್ತಾರಾ?"

ಅವಳು ನಕ್ಕಳು. "ಆಮೇಲೆ ಉಣಿಸೆಹಣ್ಣು ಏರುಸ್ಕೊಂಡು ಬೊಂಬಾಯಿಗೆ ಓಯ್ತಾರೆ ಸಾ."

ಹೆಸರು ಮುನಿರತ್ನಮ್ಮ. ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯೊಂದರಲ್ಲಿ ಅಣ್ಣನ ಸಂಸಾರದ ಜೊತೆ ವಾಸ. ಅಣ್ಣ ಗಣಿಯೊಳಗೆ ಇಳಿಯುವವನು, ಗಂಡ ಊರೂರು ಸುತ್ತುವವನು. ಒಬ್ಬಳೇ ಮಗಳು ಸುಶೀಲ, ಹದಿನೆಂಟು ತುಂಬಿದೆ. ಗಂಡನಿಂದ ಕಾರ್ಡು ಬಂದ ಸಲವೆಲ್ಲ ಹೀಗೆ ಕ್ಯಾರಿಯರ್ ಹಿಡಿದು ಬಂಗಾರಪೇಟೆಗೆ ಬರುತ್ತಾಳೆ. ಈ ಸಲದ ಕ್ಯಾರಿಯರ್‌ನಲ್ಲಿ ಇಟ್ಟು, ಅವರೆಕಾಳಿನ ಸಾರು. (ನಾವು ಹಿಟ್ಟು ಅಂತೀವಿ. ಎರಡೂ ರಾಗಿಮುದ್ದೆಯ ಹೆಸರೇ.)

ಆದರೆ ಈ ಸಲ ಊಟದ ಜೊತೆ ಒಂದು ಮಾತನ್ನೂ ತಂದಿದ್ದಳು.

"ಮಗಳ್ನ ಕೇಳ್ಕೊಂಡು ಬಂದವ್ರೆ ಸಾ. ನಾಳೆ ಮತ್ತೆ ಬತ್ತಾರೆ. ಊ ಅನ್ಬೇಕು, ಇಲ್ಲ ಬ್ಯಾಡ ಅನ್ಬೇಕು. ಆಯಪ್ಪನ್ನ ಕೇಳ್ದೆ ಎಂಗ್ ಯೇಳ್ಲಿ?"

ಬಂಗಾರಪೇಟೆಯಲ್ಲಿ ಇಳಿದಾಗ ಬೆಂಗಳೂರಿನ ಗಾಡಿ ಹೋಗಿ ಹತ್ತು ನಿಮಿಷವಾಗಿತ್ತು. ಮುಂದಿನದು ಸಂಜೆ. ಮಂಡಿಯ ಎದುರು ಹುಲ್ಲು ಹೊದಿಸಿದ ಒಂದು ಟೀ ಹೋಟೆಲ್ಲು. ಅಲ್ಲಿ ಮುನಿರತ್ನಮ್ಮ ಒಂದು ಬೆಂಚಿನ ತುದಿಗೆ ಕೂತಳು. ನಾನು ಇನ್ನೊಂದು ಬೆಂಚಿನಲ್ಲಿ ಕೂತೆ.

ಒಂದು ಗಂಟೆಯಾಯಿತು. ಎರಡಾಯಿತು. ಲಾರಿಯ ಸದ್ದು ಕೇಳಿದಾಗಲೆಲ್ಲ ಅವಳು ಎದ್ದು ರಸ್ತೆಯವರೆಗೆ ಹೋಗಿ ಬರುತ್ತಿದ್ದಳು. ವಾಪಸ್ ಬಂದು ಕೂತು, ಕ್ಯಾರಿಯರ್ ಮುಟ್ಟಿ ನೋಡುತ್ತಿದ್ದಳು, ಬಿಸಿ ಇದೆಯೋ ಆರಿತೋ ಅಂತ. ಆ ಓಡಾಟ ನೋಡುತ್ತ ನನಗೊಂದು ಹಳೆಯ ಪಾಪ ನೆನಪಾಯಿತು.

ಓದುಗರೇ, ನಿಮಗೂ ನೆನಪಿರಬಹುದು. ಲಾರಿ ಡ್ರೈವರುಗಳು ಬಿಡುವಿನಲ್ಲಿ ಏನು ಮಾಡುತ್ತಾರೆ ಅಂತ ಇದೇ ಅಂಕಣದಲ್ಲಿ ತಮಾಷೆಯಾಗಿ ಬರೆದಿದ್ದೆ. ಇಸ್ಪೀಟು, ಸಾರಾಯಿ ಅಂಗಡಿ, ಇನ್ನೂ ಏನೇನೋ. ನೀವೂ ನಕ್ಕು ಕಾಗದ ಬರೆದಿರಿ. ಅದನ್ನು ಬರೆಯುವ ಮುಂಚೆ ನಾನು ಎಷ್ಟು ಜನ ಡ್ರೈವರುಗಳನ್ನು ಮಾತಾಡಿಸಿದ್ದೆ? ಒಬ್ಬರನ್ನೂ ಇಲ್ಲ.

ಎರಡೂವರೆಗೆ ಲಾರಿ ಬಂತು.

ಇಳಿದವನು ಎತ್ತರದ ಆಳು. ಕಣ್ಣು ಕೆಂಡ. ತಲೆಗೆ ಸುತ್ತಿದ ಟವೆಲು, ರೆಪ್ಪೆಯ ಮೇಲೂ ಧೂಳು. ಹೆಂಡತಿಯನ್ನು ನೋಡಿ ಅವನು ಹಲ್ಲು ಬಿಟ್ಟು ನಕ್ಕ ನಗು ಇದೆಯಲ್ಲ, ಅದನ್ನು ಬರೆಯಲು ನನಗೆ ಬರುವುದಿಲ್ಲ.

"ಒತ್ತಾಗೋಯ್ತು ಕಣೇ. ರಾಣಿಪೇಟೆ ತಾವ ಟೈರು ಪಂಚರ್ರು."

"ಮೊದ್ಲು ಉಣ್ಣು."

ಅವನು ಕೈ ತೊಳೆದು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಬಡಿಸಿದಳು. "ಮಗಳು ಚೆಂದಾಗವ್ಳಾ?" ಅಂದ. "ಅವ್ಳೆ" ಅಂದಳು. "ನಿಂಗೆ ಮಂಡಿನೋವು?" ಅಂದ. "ಐತೆ, ಎಲ್ಲಿಗೋಯ್ತದೆ?" ಅಂದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ನಾನು ಕಾದೆ. ಉಣ್ಣುವವನ ಮುಂದೆ ಆ ಮಾತು ಬೇಡ ಅಂದುಕೊಂಡಳೋ ಏನೋ. ಊಟ ಮುಗಿಯಲಿ ಅಂತ ಅವಳೂ ಕಾದಳು.

ಊಟ ಮುಗಿಯಿತು. ಅವನು ಕೈ ತೊಳೆದು ಬಂದು ಗೋಡೆಗೆ ಒರಗಿದ. ಅವಳು ಕ್ಯಾರಿಯರ್ ಮುಚ್ಚಿ ತಲೆಯೆತ್ತುವಷ್ಟರಲ್ಲಿ ನಿದ್ದೆ ಹೋಗಿದ್ದ.

ಎದುರಿಗೆ ಮಂಡಿಯಲ್ಲಿ ಉಪ್ಪಿನ ಮೂಟೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಅರ್ಧ ಲಾರಿ ಖಾಲಿಯಾಗಿತ್ತು.

ಅವಳು ಎಬ್ಬಿಸುತ್ತಾಳೆ ಅಂದುಕೊಂಡಿರಾ? ನಾನೂ ಅಂದುಕೊಂಡೆ. ಅವಳು ಅವನ ತಲೆಯನ್ನು ಮೆಲ್ಲಗೆ ತನ್ನ ತೊಡೆಗೆ ಇಳಿಸಿಕೊಂಡಳು. ಸೆರಗಿನಿಂದ ನೊಣ ಓಡಿಸತೊಡಗಿದಳು. ಹೋಟೆಲಿನವನ ರೇಡಿಯೋ ಜೋರಾಗಿತ್ತು. ಅವನ ಕಡೆ ತಿರುಗಿ, "ಕೊಂಚಂ ಕಮ್ಮಿ ಮಾಡಣ್ಣ" ಅಂದಳು. ಅವನು "ಸರಿಮ್ಮಾ" ಅಂತ ರೇಡಿಯೋ ಆರಿಸಿಯೇಬಿಟ್ಟ.

ಹತ್ತು ನಿಮಿಷ ಕಳೆಯಿತು. ಇಪ್ಪತ್ತು. ನನಗೆ ತಡೆಯಲಾಗಲಿಲ್ಲ. ಕೆಮ್ಮಿದೆ. ಬೆಂಚು ಎಳೆದೆ. ಗ್ಲಾಸು ಕುಕ್ಕಿದೆ. (ಪರರ ಸಂಸಾರದಲ್ಲಿ ಇಷ್ಟು ಆಸಕ್ತಿ ಒಳ್ಳೆಯದಲ್ಲ. ಆದರೆ ಅಂಕಣಕಾರರು ಬದುಕುವುದೇ ಅದರಿಂದ.) ಕೊನೆಗೆ ಬಾಯಿಬಿಟ್ಟೇ ಹೇಳಿದೆ.

"ಎಬ್ಬಿಸಮ್ಮಾ. ಮೂಟೆ ಮುಗೀತಾ ಬಂತು. ಮಾತಾಡೋದು ಯಾವಾಗ?"

ಅವಳು ಪಿಸುಗುಟ್ಟಿದಳು. "ಮನಿಕ್ಕೊಳ್ಲಿ ಬುಡಿ ಸಾ. ಮದ್ವೆಯಾಗಿ ಇಪ್ಪತ್ತು ವರ್ಸ. ಇಂಗೆ ಬೆಳಕಲ್ಲಿ ಆಯಪ್ಪನ ಮುಖ ಎಷ್ಟು ಸಲ ನೋಡಿವ್ನಿ ಯೇಳಿ? ಎದ್ದಿದ್ರೆ ನೋಡಾಕೆ ನಾಚ್ಕೆ."

ನಾನು ಗ್ಲಾಸನ್ನು ಸದ್ದಾಗದಂತೆ ಕೆಳಗಿಟ್ಟೆ.

ಅವಳು ನೋಡಿದಳು. ಕಿವಿಯ ಹತ್ತಿರ ಬೆಳ್ಳಗಾದ ಕೂದಲನ್ನು ಮುಟ್ಟಿ ನೋಡಿದಳು. ಕೆನ್ನೆಯ ಮೇಲೆ ಒಂದು ಹೊಸ ಗಾಯದ ಕಲೆಯಿತ್ತು. ಅಲ್ಲಿ ಬೆರಳು ನಿಂತಿತು. ಅದು ಯಾವ ಊರಿನಲ್ಲಿ ಆದದ್ದೋ, ಅವಳಿಗೆ ಯಾರು ಹೇಳಬೇಕು? ಊರೂರುಗಳ ನಡುವೆ ಅಷ್ಟು ರಸ್ತೆ ಹಾಕಿದ್ದೇವೆ. ಅವುಗಳಲ್ಲಿ ಬರುವ ಉಪ್ಪು ತಿನ್ನುತ್ತೇವೆ. ಅದನ್ನು ತಂದವನು ಕೊನೆಯ ಸಲ ತನ್ನ ಮನೆಯಲ್ಲಿ ಮಲಗಿದ್ದು ಯಾವಾಗ ಅಂತ ಸಾರಿನ ತಟ್ಟೆಯ ಮುಂದೆ ಯಾರಾದರೂ ಯೋಚಿಸಿದ್ದೀವಾ?

"ವೆಂಕಟೇಶಪ್ಪಣ್ಣೋ! ಆಯ್ತು, ಲಾರಿ ತೆಗಿ!" ಮಂಡಿಯ ಹಮಾಲಿ ಕೂಗಿದ. ಹುಣಸೆಹಣ್ಣು ಏರಿಸುವುದು ಮುಂದಿನ ಊರಿನ ಮಂಡಿಯಲ್ಲಂತೆ.

ಅವನು ದಡಕ್ಕನೆ ಎದ್ದು ಕೂತ. "ಯಾಕೇ ಎಬ್ಬರಿಸ್ಲಿಲ್ಲ?" ಅನ್ನುತ್ತ ತೊಟ್ಟಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಅಲ್ಲಿ ನಿಂತೇ ಅವಳು ಹೇಳಿದಳು.

"ಸುಸೀಲನ್ನ ಕೇಳ್ತಾವ್ರೆ. ಮುಳಬಾಗ್ಲು ಕಡೆಯೋರು. ನಾಳೆ ಬತ್ತಾರೆ."

"ಉಡ್ಗ ಏನ್ ಮಾಡ್ತಾನೆ?"

"ಲಾರಿ ಓಡುಸ್ತಾನೆ."

ಅವನ ಕೈ ಮುಖದ ಮೇಲೇ ನಿಂತಿತು. "ಬ್ಯಾಡ."

"ಯಾಕೆ?"

"ಯಾಕಾ? ನಿನ್ ಬಾಳು ನೋಡ್ಕೊ ಒಂದ್ಸಲ."

"ನೋಡ್ಕೊಂಡೇ ಬಂದಿವ್ನಿ. ನಿನ್ ಮಗಳಿಗೆ ಆ ಉಡ್ಗ ಇಷ್ಟ. ಏನಂತ ಯೇಳ್ಲಿ ಅವ್ಳಿಗೆ? ನಿಮ್ಮಪ್ಪನಂತೋನು ಬ್ಯಾಡ ಅಂತಾನಾ?"

ಅವನು ಟವೆಲಿನಿಂದ ಮುಖ ಒರೆಸಿದ, ಒರೆಸುತ್ತಲೇ ಇದ್ದ. ಹಮಾಲಿ ಮತ್ತೆ ಕೂಗಿದ. ಅವನು ಹೋಗಿ ಲಾರಿ ಹತ್ತಿದ, ಸ್ಟಾರ್ಟ್ ಮಾಡಿದ. ಲಾರಿ ಹೊರಟೇಬಿಟ್ಟಿತು. ಹತ್ತು ಗಜ ಹೋಗಿ ನಿಂತಿತು. ಅವನು ಅರ್ಧ ಮೈ ಹೊರಗೆ ಹಾಕಿ ಕೂಗಿದ:

"ರತ್ನಾ! ಆ ಉಡ್ಗನ್ನ ಒಂದ್ ಮಾತು ಕೇಳು! ವಾರಕ್ಕೊಂದ್ ದಿನ ಮನೇಲಿ ಮನಿಕ್ಕೊಂತಾನಾ ಅಂತ ಕೇಳು! ಊ ಅಂದ್ರೆ ಕೊಡು!"

ಲಾರಿ ತಿರುವಿನಲ್ಲಿ ಮರೆಯಾಯಿತು. ಅವಳು ಕ್ಯಾರಿಯರ್ ತೊಳೆದುಕೊಂಡಳು. ಇಬ್ಬರೂ ಸ್ಟೇಷನ್ನಿಗೆ ನಡೆದೆವು. ಅವಳ ಗಾಡಿ ಆಗಲೇ ನಿಂತಿತ್ತು.

"ಊ ಅಂತಾನಾ ಹುಡುಗ?" ಕೇಳಿದೆ.

"ಅಂತಾನೆ ಸಾ. ನಮ್ಮಪ್ಪ ಕೇಳ್ದಾಗ ಈಯಪ್ಪನೂ ಅಂದಿದ್ರು."

"ಮತ್ತೆ?"

ಅವಳು ಹತ್ತಿ, ಕಿಟಕಿಯ ಪಕ್ಕ ಕೂತು, ಸೆರಗು ಸರಿಮಾಡಿಕೊಂಡಳು. "ಮತ್ತೇನು ಸಾ, ಕೊಡ್ತೀನಿ."

ಗಾಡಿ ಹೊರಟಿತು. ಕೇಳಬೇಕಾದ ಇನ್ನೊಂದು ಪ್ರಶ್ನೆ ನನ್ನ ಬಾಯಲ್ಲೇ ಉಳಿಯಿತು: ಮಗಳ ಮದುವೆಯ ದಿನ ವೆಂಕಟೇಶಪ್ಪನ ಲಾರಿ ಯಾವ ಊರಿನಲ್ಲಿರುತ್ತದೆ?