ಶಿಲ್ಪಕ್ಕಿಟ್ಟ ಕುಂಕುಮ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ವಠಾರದಲ್ಲಿದ್ದ ನೆರೆಯವರೊಬ್ಬರು ತಮ್ಮ ಸೈಕಲ್ ಒರೆಸುವಾಗಲೂ ಹೇಳೋರು: "ಅನ್ನ ಕೊಡೋದಕ್ಕೆ ಕೈ ಮುಗೀಬೇಕು, ಸಾರ್." ನಾನು ಗುಮಾಸ್ತನಾಗಿದ್ದ ದೊಡ್ಡ ಹೋಟೆಲಿನಲ್ಲಿ ಅವರದು ಧೂಳು ಒರೆಸುವ ಕೆಲಸ. ಒಂದು ಆಯುಧಪೂಜೆಯ ದಿನ, ಲಾಬಿಯ ರತ್ನಗಂಬಳಿ ಮೇಲಿದ್ದ, ದಿನಾ ತಾವೇ ಒರೆಸುವ ನವ್ಯ ಶಿಲ್ಪಕ್ಕೂ ಕುಂಕುಮ ಹಚ್ಚಿ ಚೆಂಡುಹೂ ಮುಡಿಸಿಬಿಟ್ಟರು.

"ನಾನು ಮಾಡಿದ್ದು ದೇವರನ್ನಲ್ಲ ಕಣ್ರೀ!" ಅಂತ, ಅವತ್ತು ಹೋಟೆಲಿಗೆ ಬಂದಿದ್ದ ಅದರ ಶಿಲ್ಪಿ ಕೂಗಾಡಿದರು.

"ಒರೆಸು. ಇಲ್ಲಾ ಕೆಲಸ ಬಿಡು," ಅಂದರು ಮ್ಯಾನೇಜರು.

ಒರೆಸುವ ಬಟ್ಟೆ ನಮ್ಮ ನೆರೆಯವರ ಕೈಯಲ್ಲೇ ಇತ್ತು, ಕೈ ಏಳಲಿಲ್ಲ. "ಪೂಜೆ ಮಾಡಿದ್ದನ್ನ ಇವತ್ತೇ ಹೆಂಗ್ ಅಳಿಸ್ಲಿ ಸಾರ್? ನಾಳೆ ಒರೆಸ್ತೀನಿ."

ಅಷ್ಟರಲ್ಲಿ ಬೇಲೂರು ದೇವಸ್ಥಾನ ನೋಡಿಕೊಂಡು ಹೋಟೆಲಿನ ವಿದೇಶಿ ಅತಿಥಿಗಳು ವಾಪಸು ಬಂದರು. ಮುಂದಿದ್ದ ಹೆಂಗಸು ಕುಂಕುಮ ಕಂಡದ್ದೇ, ಅಲ್ಲಿ ಕಲಿತಂತೆ ಚಪ್ಪಲಿ ಬಿಚ್ಚಿದಳು. ಹಿಂದಿದ್ದವರೂ ಬಿಚ್ಚಿದರು.

ಶಿಲ್ಪಿ ತಮ್ಮ ಬೂಟುಗಳನ್ನೊಮ್ಮೆ ನೋಡಿಕೊಂಡು, ಮೆಲ್ಲಗೆ ರತ್ನಗಂಬಳಿಯಿಂದ ಆಚೆ ಸರಿದರು.