ಅಳವಿ ಉಂಡಿಯ ಐದು ತಿಂಗಳು

ನಮ್ಮ ಮೊಮ್ಮಗಳು ಗೌರಿಯ ರಕ್ತದಲ್ಲಿ ಆ ವೈರಸ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲಾಗದು. ಮಧ್ಯಾಹ್ನ ಸೊಲ್ಲಾಪುರದಿಂದ ತಂದ ರಿಪೋರ್ಟು ಎದುರಿಗಿದೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು, ಇಂಗ್ಲಿಷ್ ಬಾರದು. ಆದರೂ ಐದಾರು ಸಲ ಕಣ್ಣಾಡಿಸಿದೆ. "ಯವ್ವಾ, ಉಲ್ಟಾ ಹಿಡದಿ ನೋಡು" ಎಂದು ಮಗಳು ಸುನಂದಾ ನಕ್ಕಳು.

ನನ್ನ ಅಣ್ಣ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ, ಅದರ ಮೂಲ ಒಂದು ವೈರಸ್ ಎಂದು ಡಾಕ್ಟರು ನಮ್ಮ ರಕ್ತವನ್ನೂ ನೋಡಿಸಿದರು. ನನ್ನಲ್ಲಿತ್ತು, ಆಗ ಬಸುರಿಯಾಗಿದ್ದ ಸುನಂದಾಳಲ್ಲೂ ಇತ್ತು. ಬಹಳ ಜನಕ್ಕೆ ಇದು ಸಾಯುವತನಕ ಏನೂ ಮಾಡುವುದಿಲ್ಲ, ಕೆಲವರಿಗೆ ಮಾತ್ರ ಎಷ್ಟೋ ವರ್ಷ ಸುಮ್ಮನಿದ್ದು ಕ್ಯಾನ್ಸರ್ ತರುತ್ತದಂತೆ. ತಾಯಿಯಿಂದ ಕೂಸಿಗೆ ಹೋಗುವುದು ಹೆಚ್ಚಾಗಿ ಎದೆಹಾಲಿನಲ್ಲಿ. ಮಗಳಿಗೆ ಮೂರು ವರ್ಷ ಹಾಲು ಕುಡಿಸಿದೆನೆಂದು ನಮ್ಮೂರು ಕುಂಭಾರಿಯ ಓಣಿ ತುಂಬ ಹೇಳಿಕೊಂಡು ತಿರುಗಿದವಳು ನಾನು. ಆ ಜಂಬಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು.

ಗೌರಿಗೆ ಡಬ್ಬಿಯ ಹಾಲೇ ಎಂದು ಡಾಕ್ಟರು ಹೇಳಿದರು. ಅಳಿಯ ಒಪ್ಪಿದ. ನಾಗಣಸೂರಿನ ಬೀಗತಿಗೆ, ಅಂದರೆ ಸುನಂದಾಳ ಅತ್ತೆಗೆ, ಹೇಳಲು ಮಾತ್ರ ನಾನು ಬಿಡಲಿಲ್ಲ. ಸೊಸೆಯ ತಾಟು ಬೇರೆ ಮಾಡಿ ದೂರ ಇಟ್ಟಾರೆಂಬ ಹೆದರಿಕೆ. ಹಾಲು ಬರುತ್ತಿಲ್ಲ ಎಂದುಬಿಟ್ಟೆ. ಎಂಥ ಸುಳ್ಳು ಆರಿಸಿದೆ ನೋಡಿ. ಹಾಲು ಬರಲೆಂದು ಬಾಣಂತಿಗೆ ಅಳವಿ ಬೀಜ ಹುರಿದು ಬೆಲ್ಲ ಹಾಕಿ ಕಟ್ಟಿದ ಉಂಡಿ ತಿನ್ನಿಸುವುದು ನಮ್ಮ ಪದ್ಧತಿ. ಬಾಣಂತನ ನಮ್ಮ ಮನೆಯಲ್ಲಿ, ಬೀಗತಿ ವಾರವಾರ ಡಬ್ಬಿ ತುಂಬ ಉಂಡಿ ಹೊತ್ತು ತಂದರು. ಸುನಂದಾಳ ಹಾಲು ಬತ್ತಬೇಕಿತ್ತು, ಹಾಗಾಗಿ ಎಲ್ಲವನ್ನೂ ನಾನೇ ತಿಂದೆ. ಐದು ತಿಂಗಳಲ್ಲಿ ನನ್ನ ಜಂಪರುಗಳ ಹೊಲಿಗೆ ಬಿಟ್ಟಿತು. "ಉಂಡಿ ಬಾಣಂತಿ ತಿಂತಾಳೋ, ಆಕಿ ಅವ್ವ ತಿಂತಾಳೋ?" ಎಂದು ಬೀಗತಿ ನನ್ನನ್ನು ಮೇಲಿಂದ ಕೆಳಗೆ ಅಳೆದರು.

ಕೂಸಿನ ಪರೀಕ್ಷೆಯಾದರೂ ಬೇಗ ಆಯಿತೇ? ತಾಯಿಯ ರಕ್ತದಿಂದ ಬಂದ ಗುರುತು ಕೂಸಿನಲ್ಲಿ ಬಹಳ ದಿನ ಉಳಿದು, ವೈರಸ್ ಇಲ್ಲದಿದ್ದರೂ ಇದೆಯೆಂದು ತೋರಿಸುತ್ತದೆ, ಎರಡು ವರ್ಷ ತುಂಬಲಿ ಎಂದರು ಡಾಕ್ಟರು. ಹೇಳುವವರಿಗೇನು, ಕಾಯುವವರು ನಾವು.

ಇವತ್ತು ನಾನೇ ಫೋನು ಮಾಡಿದೆ. ಬೀಗತಿ ಅಕ್ಕಲಕೋಟ ಬಸ್ಸಿಗೆ ಬಂದಿಳಿದರು. ಒಂದೂ ಬಿಡದೆ ಹೇಳಿದೆ.

"ಅಳವಿ ಹುರದು ಹುರದು ನನ್ನ ಕೈ ಸೋತಾವ್ರಿ ಅಕ್ಕಾರ. ಈಕಿ ನನ್ನ ಸೊಸಿ ಅಲ್ಲೇನು? ಒಂದ್ ಮಾತ ಹೇಳಿದ್ರ ಡಬ್ಬಿ ಹಾಲ ನಾನ ಕಲಸ್ತಿದ್ದೆ."

ಸಂಜೆ ಎಲ್ಲರೂ ಕೂಡಿ ಊಟಕ್ಕೆ ಕುಳಿತೆವು. ಬೀಗತಿ ಸೊಸೆಯ ತಾಟಿನಿಂದಲೇ ಅರ್ಧ ರೊಟ್ಟಿ ಮುರಿದು, ಅಲ್ಲಿಯದೇ ಪಲ್ಯ ಹಚ್ಚಿ ಬಾಯಿಗಿಟ್ಟು, ನನ್ನ ಕಡೆ ನೋಡಿದರು.

"ಉಪ್ಪ ಕಡಿಮಿ ಆಗ್ಯಾದ" ಎಂದರು.